ಕಾಗದಕ್ಕಷ್ಟೇ ಬೇರೆ

ವರ್ತಕ ನಗರ, ಠಾಣೆ
೧೪ ಮಾರ್ಚ್ ೧೯೭೮

ಕಲ್ಯಾಣದ ಡಾಕ್ಟರ್ ಸಾಹೇಬರಿಗೆ ಠಾಣೆಯ ಡಾಕ್ಟರಮ್ಮನ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ನೀವು ಕ್ಷೇಮವೆಂದು ಬೇರೆಯವರ ಬಾಯಿಂದ ತಿಳಿಯಿತು. ಅದಕ್ಕೇ ಈ ಪತ್ರ.

ಹೋದ ಶುಕ್ರವಾರ ನಮ್ಮ ದವಾಖಾನೆಗೆ ಲೆಕ್ಕ ತಪಾಸಣೆಯ ಯಜ್ಞೇಶ್ವರ ರಾಯರು ಬಂದಿದ್ದರು. ಉಡುಪಿ ಕಡೆಯವರು, ಮಾತು ಮೆತ್ತಗೆ, ಕಣ್ಣು ಚುರುಕು. ಗಂಡನಿಂದ ಬೇರೆ ಇದ್ದೇನೆ ಎಂದು ಬರೆದುಕೊಟ್ಟು ನಾನು ಮನೆ ಬಾಡಿಗೆ ಭತ್ಯೆ ಪಡೆಯುತ್ತಿರುವುದು ಮೋಸವೆಂದರು. "ಡಾಕ್ಟರ್ ಬಸಲಿಂಗಪ್ಪನವರು ದಿನಾ ಸಂಜೆ ಕ್ವಾರ್ಟರ್ಸಿಗೆ ಬೀಗ ಹಾಕಿ ಠಾಣೆಗೆ, ಹೆಂಡ್ತಿ ಮನೆಗೆ ಹೋಗ್ತಾರೆ ಅಂತ ಕಲ್ಯಾಣದಲ್ಲಿ ಎಲ್ಲ ಹೇಳ್ತಾರಲ್ಲ. ಮತ್ತೆ ಬೇರೆ ಇರುದು ಎಂಥದ್ದು?" ಎಂದು ಕೇಳಿದರು. ನನ್ನ ಮುಖ ನೋಡಿ ಅವರು ಕಳ್ಳಿ ಸಿಕ್ಕಿಬಿದ್ದಳೆಂದು ತಿಳಿದರು.

ನೀವು ನನಗೆ ಹೇಳಿರುವುದು ಕ್ವಾರ್ಟರ್ಸಿನಲ್ಲೇ ಮಲಗುತ್ತೇನೆ ಎಂದು. ಅಲ್ಲಿಯವರಿಗೆ ಹೇಳಿರುವುದು ಹೆಂಡತಿಯ ಬಳಿಗೆ ಹೋಗುತ್ತೇನೆ ಎಂದು. ಹಾಗಾದರೆ ಕತ್ತಲಾದ ಮೇಲೆ ನೀವು ಇರುವುದೆಲ್ಲಿ?

ಈ ಉಪಾಯ ನಿಮ್ಮದೇ. ಗಂಡನಿಗೆ ಸರಕಾರಿ ಮನೆ ಇದ್ದರೆ ಡಾಕ್ಟರಾದ ಹೆಂಡತಿಗೆ ಭತ್ಯೆ ಇಲ್ಲ ಎಂದು ಆಫೀಸಿನವರು ನನ್ನದನ್ನು ನಿಲ್ಲಿಸಿದಾಗ ನನಗಿಂತ ಹೆಚ್ಚು ಸಿಟ್ಟಾದವರು ನೀವು. ನಿಮ್ಮ ಅಪ್ಪ ಬ್ರಿಟಿಷ್ ಸರಕಾರದ ಡಾಕ್ಟರು. ದೊರೆ ಡಾಕ್ಟರಿಗೆ ಬಂಗಲೆ, ನಮಗೆ ಎರಡು ಕೋಣೆಯೇ ಎಂದು ಅರ್ಜಿ ಬರೆಯುತ್ತಲೇ ನಿವೃತ್ತರಾದವರು. ಆ ಹಟ ಮಗನಿಗೂ ಬಂದಿದೆ ಎಂದು ಹೆಮ್ಮೆಪಟ್ಟೆ. ಸಂಸಾರದಲ್ಲಿ ವಿರಸ, ಬೇರೆ ಬೇರೆ ಇದ್ದೇವೆ ಎಂದು ನೀವೇ ಒಕ್ಕಣೆ ಬರೆದಿರಿ. "ಬರೇ ಕಾಗದಕ್ಕಷ್ಟ ಬ್ಯಾರೆ ಇರೂಣು, ಗಿರಿಜಾ" ಎಂದಿರಿ. ನಗುತ್ತಲೇ ಸಹಿ ಮಾಡಿದೆ.

ಆಮೇಲೆ, ಯಾರಾದರೂ ನೋಡಿಯಾರು ಎಂದು ವಾರದ ದಿನ ಬರುವುದನ್ನು ಬಿಟ್ಟಿರಿ. ತಪಾಸಣೆಯವರು ಭಾನುವಾರವೂ ಬರಬಹುದು ಎಂದಿರಿ. ಈಗ ಹಬ್ಬಕ್ಕೆ ಬಂದುಹೋಗುವ ನೆಂಟರಾಗಿದ್ದೀರಿ. ಶಿವರಾತ್ರಿಗೆ ಬಂದಾಗ ನಿಮ್ಮ ಬಿಳಿ ಅಂಗಿಯ ಗುಂಡಿಗೆ ನೀಲಿ ದಾರದ ಹೊಲಿಗೆ ಬಿದ್ದಿತ್ತು. ಇಷ್ಟು ಕೆಟ್ಟದಾಗಿ ಹೊಲಿಯುವವಳು ಯಾರು ಎಂದು ತಲೆ ಕೆಡಿಸಿಕೊಂಡೆ. ನೀವು ಸ್ನಾನಕ್ಕೆ ಹೋದಾಗ ಅಂಗಿಯನ್ನು ಮೂಸಿ ನೋಡಿದೆ. ಸೀಮೆಎಣ್ಣೆಯ ವಾಸನೆ ಬಂತು. ಹೇಳಿಕೊಳ್ಳಲು ನಾಚಿಕೆ, ಆದರೆ ಮೂಸಿದ್ದು ನಿಜ.

ಶನಿವಾರ ರಾಯರು ಮತ್ತೆ ಬರುತ್ತಾರೆ. ನೀವು ಮನೆಗೆ ಬರುತ್ತೀರಿ ಎಂದರೆ ಭತ್ಯೆ ಹೋಗುತ್ತದೆ, ಸುಳ್ಳು ಬರೆದುಕೊಟ್ಟದ್ದಕ್ಕೆ ಇಬ್ಬರ ನೌಕರಿಗೂ ಕುತ್ತು. ಬರುವುದಿಲ್ಲ ಎಂದರೆ, ಎಲ್ಲಿಗೆ ಹೋಗುತ್ತಾರೆ ಎಂದು ಕೇಳುತ್ತಾರೆ. ಭತ್ಯೆ ಹಾಳಾಗಲಿ, ನನಗೆ ನೀವು ಬೇಕು. ನೀವು ಇನ್ನೂ ನನ್ನವರು ಹೌದೋ ಅಲ್ಲವೋ, ಅಷ್ಟನ್ನು ಬರೆಯಿರಿ.

ಇನ್ನೂ ನಿಮ್ಮವಳೆಂದುಕೊಂಡಿರುವ,
ಗಿರಿಜಾ

ಮತ್ತೊಂದು ಮಾತು: ನೀವು ಯಾವ ಸುಳ್ಳು ಹೇಳುತ್ತೀರಿ ನೋಡೋಣವೆಂದು ಇದನ್ನು ಮುಚ್ಚಿಟ್ಟಿದ್ದೆ. ಆದರೆ ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ನಿನ್ನೆ ಸಂಜೆ ಕಲ್ಯಾಣ ಸ್ಟೇಷನ್ನಿನಲ್ಲಿ ನಿಮಗಾಗಿ ಕಾದೆ. ನೀವು ಠಾಣೆಯ ಗಾಡಿ ಬಿಟ್ಟು ಉಲ್ಹಾಸನಗರದ ಕಡೆಯ ಗಾಡಿ ಹತ್ತಿದಿರಿ. ನಾನೂ ಅದೇ ಗಾಡಿಯ ಹೆಂಗಸರ ಡಬ್ಬಿ ಹತ್ತಿದೆ. ಟ್ರಂಕು ಮಾಡುವ ಅಂಗಡಿಯ ಮೇಲೆ ನೀವು ಯಾರಿಗೂ ತಿಳಿಸದೆ ಹಿಡಿದಿರುವ ಬಾಡಿಗೆ ಖೋಲಿಯವರೆಗೂ ಬಂದೆ. ಸೆಕೆಗೆ ಬಾಗಿಲು ತೆರೆದಿತ್ತು. ಒಂದು ಮಂಚ, ಒಂದೇ ದಿಂಬು, ಗೂಡಿನಲ್ಲಿ ನೀಲಿ ದಾರದ ಉಂಡೆ. ಬೇರೆ ಯಾರೂ ಇರಲಿಲ್ಲ. ಮೆಟ್ಟಿಲ ಮೇಲೆಯೇ ದೇವರಿಗೆ ಕೈಮುಗಿದೆ. ಅಷ್ಟರಲ್ಲಿ ನೀವು ಸ್ಟೋವಿನ ಮೇಲೆ ಅನ್ನಕ್ಕಿಟ್ಟು, ನನಗೆ ಬೆನ್ನು ಮಾಡಿ ಹಾಡತೊಡಗಿದಿರಿ. ಮದುವೆಯಾಗಿ ಹನ್ನೊಂದು ವರ್ಷ, ನೀವು ಹಾಡುವುದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಒಬ್ಬ ಹೆಂಗಸು ಅಲ್ಲಿದ್ದಿದ್ದರೆ ಅವಳೊಂದಿಗೆ ಜಗಳವಾದರೂ ಆಡುತ್ತಿದ್ದೆ, ಒಂಟಿಯಾಗಿರುವ ನಿಮ್ಮ ಸುಖದೊಂದಿಗೆ ಹೇಗೆ ಆಡಲಿ? ಹಿಂದಿರುಗುವ ಗಾಡಿ ಠಾಣೆಗೆ ಮುಂಚಿನ ಕಳವಾ ಸ್ಟೇಷನ್ ದಾಟುವವರೆಗೂ ಅಳು ತಡೆದುಕೊಂಡೆ.

ರಾಯರಿಗೆ ಏನು ಹೇಳಬೇಕೆಂದು ಇನ್ನು ನೀವು ಬರೆಯುವುದು ಬೇಡ. ನಾವು ಬೇರೆ ಇರುವುದು ನಿಜವೆಂದು ಹೇಳುತ್ತೇನೆ. ಆ ಭತ್ಯೆ ಇನ್ನು ನನಗೆ ನ್ಯಾಯವಾಗಿಯೇ ಸಲ್ಲುತ್ತದೆ.