ಮನೆಯವರಿಗೆ ಐದು

ಪನಮರಂ, ವಯನಾಡು
೧೨ ನವೆಂಬರ್ ೨೦೨೪

ಪ್ರೀತಿಯ ಸ್ನೇಹಾ,

ನೀನೂ ಅಳಿಯಂದಿರೂ ಪುಟ್ಟನೂ ಕ್ಷೇಮವೆಂದು ನಂಬಿದ್ದೇನೆ. ಬರೆಯುವುದು ತಡವಾಯಿತು, ಬೈದುಕೊಳ್ಳಬೇಡ. ಕಾಫಿ ಹಣ್ಣಾಗುತ್ತಿದೆ, ಕೊಯ್ಯುವವರು ಸಿಗುತ್ತಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಅತ್ತೆಯವರು ಪಕ್ಕದಲ್ಲೇ ಇರುತ್ತಾರೆ. ನನಗೆ ಎಚ್‌ಐವಿ ಇರುವುದು ಅವರಿಗೆ ಗೊತ್ತಿಲ್ಲವಲ್ಲ. ಇದನ್ನು ಓದಿ ಒಲೆಗೆ ಹಾಕು.

ಪುಟ್ಟನನ್ನು ಮೊದಲ ಸಲ ಬಸದಿಗೆ ಕರೆದೊಯ್ಯುವ ದಿನ ಬಾ ಎಂದಿದ್ದೀಯ. ಹೊಸಿಲು ದಾಟುವಾಗ ಮಗು ತಾಯಿಯ ತಾಯಿಯ ಕೈಯಲ್ಲಿರಬೇಕು ಎನ್ನುವುದು ನಮ್ಮ ಮನೆಯ ಪದ್ಧತಿ. ಆಸೆಯೇನೋ ಬಹಳ ಇದೆ. ಬರುವುದು ಇನ್ನೂ ತೀರ್ಮಾನವಾಗಿಲ್ಲ.

ಮೊನ್ನೆ ಮಾತ್ರೆ ತರಲು ಆಸ್ಪತ್ರೆಗೆ ಹೋದಾಗ ಅಶ್ವತಿ ಎಂಬ ಮಲಯಾಳಿ ಹುಡುಗಿ, ಅಕ್ಕ ಎನ್ನುವ ಹಾಗೆ ಚೇಚಿ ಚೇಚಿ ಎನ್ನುತ್ತ, ನನ್ನನ್ನು ಕೂರಿಸಿಕೊಂಡಳು. ನಮ್ಮಂಥವರ ಬದುಕು ಎಷ್ಟು ಚೆನ್ನಾಗಿದೆ ಎಂದು ಅಳೆಯುವುದೇ ಅವಳ ಓದಂತೆ. ಪ್ರತಿ ಪ್ರಶ್ನೆಗೂ ಒಂದರಿಂದ ಐದರೊಳಗೆ ಹೇಳಬೇಕು. ನಿದ್ದೆ? ಐದು ಎಂದೆ. ಊಟ? ಐದು. ಮುಂದಿನ ದಿನಗಳ ಭಯ? ಅದಕ್ಕೂ ಐದು.

ಹುಡುಗಿ ಪೆನ್ನು ಕೆಳಗಿಟ್ಟಳು. "ಅಯ್ಯೋ ಚೇಚೀ, ಇದು ಪರೀಕ್ಷೆ ಅಲ್ಲ. ಭಯಕ್ಕೆ ಐದು ಅಂದ್ರೆ ಬಹಳ ಭಯ ಅಂತ!"

ನಾನು ಮಾರ್ಕು ಎಂದುಕೊಂಡಿದ್ದೆ ಕಣೇ. ಶಾಲೆಯಲ್ಲಿ ಸಿಗದ್ದು ಇಲ್ಲಾದರೂ ಸಿಗಲಿ ಎಂದು. ಇಬ್ಬರೂ ನಕ್ಕು ಮತ್ತೆ ಮೊದಲಿಂದ ಶುರುಮಾಡಿದೆವು. ನಿದ್ದೆಗೆ ಮೂರು, ಭಯಕ್ಕೆ ಎರಡು. ಮಾತ್ರೆಯಿಂದ ತೊಂದರೆಯೇ ಎಂದಳು. ಏನೂ ಇಲ್ಲ, ಹೊತ್ತು ಮುಳುಗುವ ಮುಂಚೆ ಊಟ, ಅದರ ಹಿಂದೆಯೇ ಮಾತ್ರೆ ಎಂದೆ.

"ಮನೆಯವರು ನಿಮ್ಮನ್ನ ಮೊದಲಿನ ಹಾಗೇ ನೋಡ್ತಾರಾ?"

ಐದು ಎಂದೆ.

"ಚೇಚೀ, ಯೋಚಿಸಿ ಹೇಳಿ."

"ಐದೇ ಬರ್ಕೋ ಮಗೂ. ನನ್ನ ಮಗಳು ಒಳ್ಳೆಯವಳು."

ಬರೆದುಕೊಂಡಳು. ಗುರುತಿಲ್ಲದವಳ ಎದುರು ನಿನ್ನನ್ನು ಕಡಿಮೆ ಮಾಡಿ ಹೇಳಲು ನನಗೆ ನಾಲಿಗೆ ಏಳಲಿಲ್ಲ.

ಉಳಿದಂತೆ ಚೆನ್ನಾಗಿದ್ದೇನೆ. ರಕ್ತದಲ್ಲಿ ವೈರಸ್ ಕಾಣಿಸದಷ್ಟು ಕಡಿಮೆಯಾಗಿದೆ ಎಂದರು ಡಾಕ್ಟರು. ಕರಿಮೆಣಸು ಈ ಸಲ ಚೆನ್ನಾಗಿ ಹಿಡಿದಿದೆ.

ಪುಟ್ಟ ಆರೋಗ್ಯವಾಗಿ ಬೆಳೆಯಲಿ. ಜಿನೇಶ್ವರ ನಿಮ್ಮೆಲ್ಲರನ್ನೂ ಕಾಯಲಿ.

ನಿನ್ನ ಅಮ್ಮ,
ಪದ್ಮಾವತಿ

ವಿ.ಸೂ.: ನೀನು ಬಾಣಂತನಕ್ಕೆ ಇಲ್ಲಿದ್ದಾಗ, ಪುಟ್ಟನನ್ನು ಮೀಯಿಸಲು ನಾನು ಎಣ್ಣೆ ಬಿಸಿಮಾಡಿ ತಂದರೆ, "ಪಕ್ಕದ್ಮನೆ ಶೈಲಜಕ್ಕ ಮೀಯಿಸ್ಲಿ ಅಮ್ಮ, ನೀನು ಕೂತ್ಕೋ" ಎಂದೆ ನೀನು. ನನ್ನ ಸೊಂಟನೋವಿನ ಮೇಲಿನ ಕರುಣೆ ಎಂದುಕೊಂಡೆ. ಆಮೇಲೆ ಕಿಟಕಿಯಿಂದ ನೋಡಿದರೆ ನೀನು ಆ ಎಣ್ಣೆಯನ್ನು ಬಾಳೆಯ ಬುಡಕ್ಕೆ ಚೆಲ್ಲುತ್ತಿದ್ದೆ. ಮುಟ್ಟಿದರೆ ಇದು ಬರುವುದಿಲ್ಲ ಎಂದು ಡಾಕ್ಟರು ನಿನಗೂ ಹೇಳಿದ್ದರು. ನನಗೆ ತುಂಬ ನೋವಾಯಿತು, ಸ್ನೇಹಾ. ಬಸದಿಯಲ್ಲಿ ಮಗುವನ್ನು ನನ್ನ ಕೈಗೆ ಕೊಡುತ್ತೀಯಾದರೆ ಬರುತ್ತೇನೆ. ಆಗದಿದ್ದರೆ ಅಮ್ಮನಿಗೆ ಸೊಂಟನೋವು ಎಂದು ಅತ್ತೆಯವರಿಗೆ ಹೇಳು, ನಂಬುತ್ತಾರೆ.