ಒಂಬತ್ತನೇ ಡಬ್ಬಿಯಲ್ಲಿ ನಮ್ಮಜ್ಜಿಯ ಮುಖವಿದೆ

ಹಳೆಯ ಚಲನಚಿತ್ರಗಳಿಗೆ ಹೊಸ ಜೀವ ಕೊಡುವ ಕಚೇರಿಯ ಮುಖ್ಯಾಧಿಕಾರಿಗಳಿಗೆ

ಮಾನ್ಯರೇ,

ನೀವು ನಮ್ಮಜ್ಜಿಯ ಮುಖವನ್ನು ಕತ್ತರಿಸಿ ಪಕ್ಕಕ್ಕಿಟ್ಟಿದ್ದೀರಿ. ಈ ತಿಂಗಳ ಕೊನೆಗೆ ಅದನ್ನು ನಾಶವನ್ನೂ ಮಾಡುತ್ತೀರಿ. ಹೊಸದಾಗಿ ಮದುವೆಯಾದವಳು ಇಷ್ಟು ಕಟುವಾಗಿ ಮಾತು ಶುರುಮಾಡಬಾರದು ಎಂದು ನನಗೆ ಗೊತ್ತು. ನಿಜ ಹೇಳಬೇಕೆಂದರೆ, ನಾನು ಬಹಳ ಸುಖವಾಗಿದ್ದೇನೆ! ಗಂಡ ಡ್ಯೂಟಿ ಮುಗಿಸಿ ಬರುವ ಸ್ಕೂಟರಿನ ಸದ್ದು ಕೇಳಿದರೆ ಈಗಲೂ ಸುಮ್ಮಸುಮ್ಮನೆ ನಗು ಬರುತ್ತದೆ. ಅವನು ಕೆಲಸ ಮಾಡುವ, ನಾಗಪುರದ ಹತ್ತಿರದ ಕೋರಾಡಿಯ ವಿದ್ಯುತ್ ಕೇಂದ್ರದ ಚಿಮಣಿ ಕೂಡ ನನಗೆ ಚೆಂದವೇ ಕಾಣುತ್ತದೆ. ಇಂಥ ಸುಖದ ನಡುವೆ ಕೂತು, ಹುಬ್ಬಳ್ಳಿಯ ಇಂಗ್ಲಿಷ್ ಶಾಲೆಯಲ್ಲಿ ಕಲಿತ ನಾನು ಇಷ್ಟುದ್ದದ ಕನ್ನಡ ಬರೆಯುತ್ತಿದ್ದೇನೆಂದರೆ ಪರಿಸ್ಥಿತಿ ಎಷ್ಟು ಕೈಮೀರಿದೆ ಎಂದು ತಾವೇ ಊಹಿಸಿಕೊಳ್ಳಿ.

ಅಜ್ಜಿ ಎಂದರೆ ನನ್ನ ಗಂಡ ಅಮೇಯನ ಅಜ್ಜಿ, ಮಹಾದೇವಮ್ಮ. ಗದಗಿನ ಕಡೆಯವರು. ನಾಟಕ ಕಂಪನಿಯಿಂದ ಮದ್ರಾಸಿನ ಸ್ಟುಡಿಯೋಗೆ ಹೋದಾಗ ಸಿನಿಮಾದವರು ಅವರಿಗೆ ಚಂಪಾ ಎಂದು ಹೆಸರಿಟ್ಟರು. ಆ ಹೆಸರು ಪರದೆಯ ಮೇಲೆ ಬಂದದ್ದು ಅಪರೂಪ. ಹೆಚ್ಚಿನ ಚಿತ್ರಗಳಲ್ಲಿ ಅವರು ‘ಮತ್ತು ಇತರರು’. ನಾಯಕಿಯ ಗೆಳತಿ, ನಾಯಕನ ತಂಗಿ, ವಯಸ್ಸಾಗುತ್ತ ಬಂದಂತೆ ಪಕ್ಕದ ಮನೆಯ ಅತ್ತಿಗೆ. ನಾಯಕಿಯ ಮುಖವನ್ನು ದೊಡ್ಡದಾಗಿ ತೋರಿಸುವಾಗ ಎದುರಿಗಿರುವವರ ಹೆಗಲು ಪರದೆಯ ಅಂಚಿನಲ್ಲಿ ಚೂರು ಕಾಣಿಸಬೇಕಂತೆ. ಚಿತ್ರರಂಗದವರು ಅದನ್ನು ಸಜೆಷನ್ ಎನ್ನುತ್ತಾರೆ. ಕನ್ನಡದ ಎಷ್ಟೋ ನಾಯಕಿಯರು ಕಣ್ಣೀರಿಟ್ಟದ್ದು ನಮ್ಮಜ್ಜಿಯ ಹೆಗಲಿನ ಎದುರು. ನೀವು ಆ ಕಣ್ಣೀರನ್ನು ಶುಚಿಗೊಳಿಸಿ ಕೊಟ್ಟಿದ್ದೀರಿ, ಧನ್ಯವಾದ.

ನನಗೆ ಇದೆಲ್ಲ ತಿಳಿದದ್ದು ಮದುವೆಯ ಆಲ್ಬಮ್ ಬಂದ ದಿನ. ಯಾವ ಫೋಟೋ ನೋಡಿದರೂ ಅಜ್ಜಿ ಅಂಚಿನಲ್ಲಿ, ಕ್ಯಾಮೆರಾಗೆ ಬೆನ್ನು ಹಾಕಿ, ಹೆಗಲು ಚೂರು ಓರೆ ಮಾಡಿಕೊಂಡು ನಿಂತಿದ್ದಾರೆ. ನಾಗಪುರದ ಸೀತಾಬರ್ಡಿ ಪೇಟೆಯಿಂದ ಬಂದಿದ್ದ ಫೋಟೋಗ್ರಾಫರ್ “ಆಜೀ, ಇಕಡೇ ಬಘಾ ನಾ!” ಎಂದು, ಇತ್ತ ನೋಡಿ ಎಂದು, ಮರಾಠಿಯಲ್ಲಿ ಅಂಗಲಾಚಿದ್ದು ನನಗೂ ನೆನಪಿತ್ತು. ನಾನು ಬಿದ್ದುಬಿದ್ದು ನಕ್ಕೆ.

“ಅಜ್ಜಿ, ಇದೇನ್ರಿ? ಒಂದರಾಗೂ ನಿಮ್ಮ ಮಾರಿನ ಇಲ್ಲ!”

“ನಿನ್ನ ಮಾರಿ ಮ್ಯಾಲ ಬೆಳಕ ಬೀಳಬೇಕಲ್ಲ ತಂಗಿ. ನಾ ತಿರುಗಿ ನಿಂತರ ನೆರಳಾಗತಿತ್ತು.”

ನಿಜ. ಪ್ರತಿಯೊಂದು ಫೋಟೋದಲ್ಲೂ ನಾನು ಥಳಥಳ ಹೊಳೆಯುತ್ತಿದ್ದೇನೆ. ಅಲ್ಲಿಗೆ ನನ್ನ ನಗು ನಿಂತಿತು.

“ಮತ್ತ ನಿಮ್ಮ ಮ್ಯಾಲ ಬೆಳಕು ಬಿದ್ದದ್ದ ಇಲ್ಲೇನ್ರಿ?” ಎಂದು ಕೇಳಿದೆ. ಬಿದ್ದಿತ್ತಂತೆ, ಒಂದೇ ಒಂದು ಸಲ. ನಾಯಕಿಗೆ ಜ್ವರ ಬಂದು ಸೆಟ್ ಖಾಲಿ ಕೂತ ದಿನ, ನಿರ್ದೇಶಕರು ಗೆಳತಿಯ ಪಾತ್ರದ ಒಂದು ಕ್ಲೋಸಪ್ ತೆಗೆದರು. ಗೆಳತಿ ಮದುವೆಮನೆಗೆ ಹೂ ಕಟ್ಟುತ್ತಿದ್ದಾಳೆ. ತಾನು ಮೆಚ್ಚಿದವನೇ ಮದುಮಗ ಎಂದು ಅಲ್ಲಿ ಅವಳಿಗೆ ತಿಳಿಯುತ್ತದೆ. ಮಾತಿಲ್ಲ. ತಲೆಯೆತ್ತಿ ನೋಡುತ್ತಾಳೆ, ಅಷ್ಟೇ. ಆದರೆ ಆ ನೋಟವನ್ನು ಅಜ್ಜಿ ಈವರೆಗೆ ಪರದೆಯ ಮೇಲೆ ಕಂಡಿಲ್ಲ. ಚಿತ್ರ ಊರಿಗೆ ಬಂದಾಗ ಹೊಸ ಸೀರೆ ಉಟ್ಟು ಟೂರಿಂಗ್ ಟಾಕೀಸಿಗೆ ಹೋದರಂತೆ. ಹಬ್ಬದ ದಿನ ಒಂದು ಆಟ ಹೆಚ್ಚಿಗೆ ಹಾಕಲು ಟಾಕೀಸಿನವರು ನಾಯಕಿ ಇಲ್ಲದ ದೃಶ್ಯಗಳನ್ನು ಹಾರಿಸಿಬಿಟ್ಟಿದ್ದರು.

ಟಾಕೀಸಿನವರಿಗೆ ಹಬ್ಬದ ನೂಕುನುಗ್ಗಲಿತ್ತು. ನಿಮಗೇನಿತ್ತು, ಮಾನ್ಯರೇ?

ನೀವು ಆ ಚಿತ್ರವನ್ನು ಶುಚಿಗೊಳಿಸಿ ಟೀವಿಯಲ್ಲಿ ಹೊಸದಾಗಿ ಬಿಡುಗಡೆ ಮಾಡುತ್ತೀರಿ ಎಂದು ಓದಿದ ದಿನ ನಾನು ಅಡುಗೆಮನೆಯಲ್ಲಿ ಕುಣಿದಾಡಿದೆ. ಅಜ್ಜಿಗೆ ಗ್ಲಾಕೋಮಾ ಇದೆ. ನೋಟದ ಅಂಚುಗಳೆಲ್ಲ ಕತ್ತಲಾಗಿ, ನಡುವೆ ಒಂದು ಕಿಟಕಿಯಷ್ಟು ಮಾತ್ರ ಉಳಿದಿದೆ. ಅದೂ ಹೆಚ್ಚು ದಿನ ಇರುವುದಿಲ್ಲ ಎಂದಿದ್ದಾರೆ ಡಾಕ್ಟರು. ಜೀವನವೆಲ್ಲ ಪರದೆಯ ಅಂಚಿನಲ್ಲಿದ್ದವರಿಗೆ ಈಗ ಅಂಚೇ ಕಾಣುವುದಿಲ್ಲ. ನಟ್ಟನಡುವೆ ಇದ್ದದ್ದು ಮಾತ್ರ ಕಾಣುತ್ತದೆ. ಆ ಕ್ಲೋಸಪ್ ನಟ್ಟನಡುವೆಯೇ ಇತ್ತಲ್ಲ! ಆದ್ದರಿಂದ ಭಾನುವಾರ ಮಧ್ಯಾಹ್ನ ಕಾಲೊನಿಯ ಕನ್ನಡದವರನ್ನೆಲ್ಲ ಕರೆದೆ. ಅಜ್ಜಿ ಇಳಕಲ್ ಸೀರೆ ಉಟ್ಟು ಟೀವಿಯ ಮುಂದೆಯೇ ಕುರ್ಚಿ ಹಾಕಿಸಿಕೊಂಡರು.

“ಈಗ ಬರತೈತಿ, ಎಲ್ಲಾರೂ ಸುಮ್ಮ ಕೂಡ್ರಿ” ಎನ್ನುತ್ತಿದ್ದರು. ಪಕ್ಕದ ಮನೆಯ ಉಮಾಕಾಂತ ಕಾಕಾ ಅವಲಕ್ಕಿ ಚಿವಡಾ ಅಗಿಯುವುದನ್ನೂ ನಿಲ್ಲಿಸಿದರು. ನಾಯಕಿ ಬಾವಿಕಟ್ಟೆಯಿಂದ ಕೊಡ ಎತ್ತಿಕೊಂಡಳು. ಮರುಕ್ಷಣ ಮದುವೆಯ ವಾಲಗ. ಹೂವಿಲ್ಲ, ಗೆಳತಿಯಿಲ್ಲ.

ಎಲ್ಲರೂ ಅಜ್ಜಿಯತ್ತ ತಿರುಗಿದರು. ಕಡೆಗೆ ಅಜ್ಜಿಯೇ ನಕ್ಕು, “ತಗೋರಿ, ಕತ್ತರಿ ಹಾಕಿದವರೂ ಜಲ್ದಿ ಮನಿಗೆ ಹೋಗಬೇಕಿತ್ತು ಕಾಣಸತೈತಿ. ಉಮಾಕಾಂತ, ಚಿವಡಾ ಹಾಕಿಕೋ” ಎಂದರು. ಎಲ್ಲರೂ ಹೋದ ಮೇಲೆ ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದರು: “ಆ ಶಾಟ್ ಯಾರರ ನೋಡಿರಬೇಕಲ್ಲ ತಂಗಿ? ಚಲೋ ಮಾಡಿದ್ನೋ ಇಲ್ಲೋ, ನನಗ ಗೊತ್ತಾಗಲೇ ಇಲ್ಲ.”

ಈ ಪ್ರಶ್ನೆಗೆ ತಾವು ಉತ್ತರ ಕೊಡಬಲ್ಲಿರಾ? ಅದನ್ನು ಕೇಳಲೆಂದೇ ಸೋಮವಾರ ನಿಮ್ಮ ಕಚೇರಿಗೆ ಫೋನ್ ಮಾಡಿದೆ. ಇಂದಿನ ಪೀಳಿಗೆಯ ತಾಳ್ಮೆಗೆ ತಕ್ಕಂತೆ ಚಿತ್ರವನ್ನು ಚಿಕ್ಕದು ಮಾಡಿದ್ದೀರಂತೆ. ಇಂದಿನ ಪೀಳಿಗೆ ಎಂದರೆ ನಾನೇ ಅಲ್ಲವೇ? ನನ್ನನ್ನು ಯಾರು ಕೇಳಿದರು? “ಹೀರೋಯಿನ್ ಶಾಟ್ ಒಂದೂ ಬಿಟ್ಟಿಲ್ಲ ಮೇಡಂ. ಇದು ಸೈಡ್ ಕ್ಯಾರೆಕ್ಟರು” ಎಂದು ನಿಮ್ಮವರು ನನಗೇ ಸಮಾಧಾನ ಹೇಳಿದರು. ಆ ದೃಶ್ಯವಿರುವ ಒಂಬತ್ತನೇ ಡಬ್ಬಿಯ ರೀಲು ಹಳತಾಗಿ ಕೆಡುತ್ತ ಹುಳಿ ವಾಸನೆ ಹೊಡೆಯುತ್ತಿದೆ, ಬೇರೆ ಪ್ರತಿ ಎಲ್ಲೂ ಇಲ್ಲ, ತಿಂಗಳ ಕೊನೆಗೆ ವಿಲೇವಾರಿ ಎಂದೂ ಅವರೇ ತಿಳಿಸಿದರು. ಎಷ್ಟು ಸೌಜನ್ಯ! ಆಮೇಲೆ ಮೂರು ಪತ್ರ ಹಾಕಿದೆ, ಉತ್ತರವಿಲ್ಲ. ಅದಕ್ಕೇ ಇದು ಬಹಿರಂಗವಾಗಿ.

ಮಾನ್ಯರೇ, ಗೆಳತಿ ಹೂ ಬಿಟ್ಟು ತಲೆಯೆತ್ತದಿದ್ದರೆ ಆ ಮದುವೆಯಲ್ಲಿ ಕಥೆಯೇನು ಉಳಿಯಿತು? ಊಟದ ವ್ಯವಸ್ಥೆಯೇ? ಎದುರಿಗೆ ಹೆಗಲು ಕೊಡುವವರಿಲ್ಲದೆ ಯಾವ ನಾಯಕಿ ತಾನೇ ಅತ್ತಾಳು? ವಾದ ಮಾಡಲು ನನ್ನಲ್ಲಿ ಇನ್ನೂ ಬೇಕಾದಷ್ಟಿದೆ. ಅಜ್ಜಿಯ ಕಣ್ಣಲ್ಲಿ ಅಷ್ಟು ಸಮಯವಿಲ್ಲ. ಒಂಬತ್ತನೇ ಡಬ್ಬಿಯನ್ನು ನಾಶ ಮಾಡಬೇಡಿ. ಹುಳಿಯಾಗಿದ್ದರೆ ಹಾಗೇ, ಗೀರು ಬಿದ್ದಿದ್ದರೆ ಗೀರಿನ ಸಮೇತ, ಈ ವಾರವೇ ಪ್ರತಿ ಮಾಡಿ ಕಳಿಸಿ. ಇಡೀ ಚಿತ್ರ ಬೇಡ. ಆ ನೋಟ ಸಾಕು. ಕೈಮುಗಿದು ಕೇಳುತ್ತಿದ್ದೇನೆ.

ನಾಗಪುರದಲ್ಲಿ ಯಾರೂ ಬಿಸಿಲಿಗೆ ಮುಖ ಕೊಡುವುದಿಲ್ಲ. ಸ್ಕೂಟರ್ ಹತ್ತುವ ಹುಡುಗಿಯರು ಕಣ್ಣು ಮಾತ್ರ ಬಿಟ್ಟು ಉಳಿದದ್ದನ್ನು ದುಪಟ್ಟಾದಲ್ಲಿ ಸುತ್ತಿಕೊಳ್ಳುತ್ತಾರೆ, ನಾನೂ ಕಲಿತಿದ್ದೇನೆ. ನಮ್ಮಜ್ಜಿ ಮಾತ್ರ ಆ ಭಾನುವಾರದಿಂದ ದಿನಾ ಬೆಳಿಗ್ಗೆ ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಕೂತು, ಹೆಗಲು ಓರೆ ಮಾಡದೆ, ನೇರವಾಗಿ ಸೂರ್ಯನಿಗೆ ಮುಖವೆತ್ತುತ್ತಾರೆ. ನಿನ್ನೆ “ಒಳಗ ಬರ್ರಿ ಅಜ್ಜಿ, ಸುಡತೈತಿ” ಎಂದು ಕೈ ಹಿಡಿದೆ.

“ತಡಿ ತಂಗಿ. ಅವತ್ತ ಲೈಟ್ ಹಿಂಗ ಬಿದ್ದಿತ್ತು, ಬೆಚ್ಚಗ. ಕಟ್ ಅನ್ನೂತನಕ ಅಲುಗಾಡಬಾರದು.”

ಆ ‘ಕಟ್’ ಹೇಳುವ ಅಧಿಕಾರ ಈಗ ನಿಮ್ಮ ಕೈಯಲ್ಲಿದೆ. ದಯವಿಟ್ಟು ಹೇಳಬೇಡಿ.

ಇಂತಿ,
ಮದುವೆಯ ಆಲ್ಬಮ್ಮಿನ ತುಂಬ ತಾನೊಬ್ಬಳೇ ಹೊಳೆಯುತ್ತಿರುವುದಕ್ಕೆ ಈಗ ನಾಚಿಕೊಂಡಿರುವ
ರಾಗಿಣಿ,
ಕೋರಾಡಿ, ನಾಗಪುರ