ದೇವರ ಚಿತ್ರಕ್ಕೆ ಅಡ್ಡ ಬಂದ ಫೈಲು

ಇವತ್ತು ಉಪವಾಸ. ಒಲೆ ಹಚ್ಚುವ ಕೆಲಸವಿಲ್ಲ. ಅಂಗಳ ಗುಡಿಸಿ, ಬಟ್ಟೆ ಒಗೆದು, ನಿನ್ನನ್ನು ಬೈಯಲು ಕೂತಿದ್ದೇನೆ. ತಮ್ಮಾ ಅನ್ನಲು ಈಗಲೂ ನಾಲಿಗೆ ಏಳುವುದಿಲ್ಲ.

ಎರಡು ವರ್ಷದ ಹಿಂದೆ, ನನ್ನ ಹೊಸ್ತಿಲು ತುಳಿಯಬೇಡ ಎಂದು ನಾನು ಅಂದಿದ್ದಕ್ಕೆ, ನೀನು ವಿಂಡೋಸ್ ಬದಲು ಲಿನಕ್ಸ್ ಹಾಕಿದ ನಿನ್ನ ಲ್ಯಾಪ್‌ಟಾಪನ್ನು ಬಾಗಿಲ ಬಳಿ ಇಟ್ಟು ಹೋದೆ. ಒಂದು ಮಾತೂ ಹೇಳದೆ ಹೋದ ಎಂದು ನಾನು ಊರಿಗೆಲ್ಲ ಸಾರಿದೆ. ಮೊದಲ ದಿನವೇ ಪರದೆಗೆ ದೇವರ ಚಿತ್ರ ಹಾಕಿದೆ. ನಿನ್ನ ಐಕಾನುಗಳು ದೇವರ ಮುಖದ ಮೇಲೆ ನೊಣದಂತೆ ಕೂತಿದ್ದವು. ಏನೆಂದು ಓದದೆ ಎಲ್ಲವನ್ನೂ ಕಾಣದಂತೆ ಮಾಡಿದೆ.

ಇವತ್ತು ಅಪ್‌ಡೇಟ್ ಆದಮೇಲೆ ಪರದೆ ಕಪ್ಪಾಯಿತು. ರಿಪೇರಿಯವಳು ಬಂದಳು.

"ಸೆಟ್ಟಿಂಗ್ ಎಲ್ಲಾ ಕೆಟ್ಟು ಕೂತಿದೆ ಅಕ್ಕಾ. ಅಳಿಸಿ ಮೊದಲಿನ ಹಾಗೆ ಮಾಡ್ತೀನಿ, ಫೈಲಿಗೇನೂ ಆಗಲ್ಲ."

"ದೇವರು?"

"ದೇವರನ್ನ ಆಮೇಲೆ ಕೂರಿಸೋಣ ಬಿಡಿ," ಎಂದು ನಕ್ಕಳು.

ಪರದೆ ಬೆಳಗಿತು. ನಡುವೆ 'ಅಕ್ಕನಿಗೆ' ಎಂಬ ನಿನ್ನ ಫೈಲಿತ್ತು. ತೆರೆದು ಓದಿದೆ. "ಅಕ್ಕಾ, ತಪ್ಪು ನಂದೇ. ಭಾನುವಾರದೊಳಗೆ ಒಂದು ಸಲ ಬಾ ಅನ್ನು, ಬರ್ತೀನಿ. ಅನ್ನದಿದ್ರೆ ಇನ್ನು ಮುಖ ತೋರಿಸಲ್ಲ."

ದರಿದ್ರದವನೇ, ನಿನಗೆ ಬಾಯಿರಲಿಲ್ಲವೇ? ಬಾಗಿಲು ತಟ್ಟಲು ಕೈ ಸೇದಿಹೋಗಿತ್ತೇ? ಅಕ್ಕ ಬೈದದ್ದು ಅದೇ ಮೊದಲೇ? ಹೇಳುವುದನ್ನು ಪೆಟ್ಟಿಗೆಯಲ್ಲಿಟ್ಟು ಹೋಗುವ ಗಂಡಸು ನೀನೊಬ್ಬನೇ.

ನಿನ್ನ ಹಳೆಯ ನಂಬರಿನಲ್ಲಿ ಬೇರೆ ಯಾರೋ ಹಲೋ ಅನ್ನುತ್ತಾರೆ. ನನ್ನ ಉತ್ತರ ಒಂದೇ ಮಾತಿನದು, ಹೊರಲು ಭಾರವಿಲ್ಲ. ನಿನ್ನನ್ನು ಬಲ್ಲವರು ಯಾರಾದರೂ ಬಂದು ಒಯ್ಯಲಿ.